ಗುಡಿಯ ಮೇಲಿನ ಮಣ್ಣು

ಶಿಗ್ಗಾಂವಿಯ ನಮ್ಮ ಲೋಕೋಪಯೋಗಿ ಕಚೇರಿಯಲ್ಲಿ ಎಂಜಿನಿಯರ್ ಸಾಹೇಬರ ಕುರ್ಚಿಯ ಹಿಂದೆ ಒಂದು ದೊಡ್ಡ ಕ್ಯಾಲೆಂಡರ್ ತೂಗುತ್ತಿತ್ತು. ಸಿಮೆಂಟ್ ಮಾರುವವರು ಹಂಚಿದ್ದು. ತಿಂಗಳಿಗೊಂದು ಜಗತ್ಪ್ರಸಿದ್ಧ ಕಟ್ಟಡದ ಚಿತ್ರ: ಪಿರಮಿಡ್ಡು, ತಾಜಮಹಲು, ವಾಲಿ ನಿಂತ ಪಿಸಾ ಗೋಪುರ, ಹೀಗೆ. ಸಾಹೇಬರಿಗೆ ಅದೆಂದರೆ ಪ್ರಾಣ. ಕೆಲಸದ ಮಾತಿಗೆ ಹೋದವರನ್ನು ನಿಲ್ಲಿಸಿಕೊಂಡು ಆ ತಿಂಗಳ ಕಟ್ಟಡದ ಪುರಾಣ ಬಿಚ್ಚುತ್ತಿದ್ದರು. ಎಲ್ಲ ಪುರಾಣವೂ ಒಂದೇ ಕಡೆ ಬಂದು ಮುಗಿಯುತ್ತಿತ್ತು. ಪಾಪ, ಆಗಿನವರಿಗೆ ನಮ್ಮ ಸಿಮೆಂಟು ಸಿಕ್ಕಿದ್ದರೆ ಇಷ್ಟು ಒದ್ದಾಡುತ್ತಿರಲಿಲ್ಲ ಎನ್ನುವುದು ಅವರ ಕೊನೆಯ ಮಾತು. ನಾನು ಅವರ ಕೈಕೆಳಗಿನ ಓವರ್ಸಿಯರ್, ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಇರಬಹುದು. ಆದರೆ ಈ ಸಿಟ್ಟು ಮೂಗಿನದಲ್ಲ, ಹೊಟ್ಟೆಯೊಳಗಿನದು, ಇನ್ನೂ ಆರಿಲ್ಲ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಸಾಹೇಬರು ನನ್ನ ಮುಂದೆ ಒಂದು ನಕ್ಷೆ ಹಾಸಿದರು. ಸವಣೂರು ತಾಲೂಕಿನ ಒಂದು ಹಳ್ಳಿಯ ಶಿವನ ಗುಡಿಯದು. ಊರಿನ ಹೆಸರು ಬರೆಯುವುದಿಲ್ಲ, ಯಾಕೆಂದು ಕೊನೆಗೆ ತಿಳಿಯುತ್ತದೆ. ಯಲವಿಗಿ ಸ್ಟೇಶನ್ನಿನಲ್ಲಿ ಇಳಿದು ಗಾಡಿದಾರಿ ಹಿಡಿದು ನಡೆಯಬೇಕು ಎಂದಷ್ಟು ಹೇಳಿದರೆ ಸಾಕು. ಗುಡಿ ಚಾಲುಕ್ಯರ ಕಾಲದ್ದು. ಸಂರಕ್ಷಿತ ಸ್ಮಾರಕ ಎಂಬ ಫಲಕ ಅದರ ಮುಂದೆ ಇರಲಿಲ್ಲವಾದ್ದರಿಂದ ದುರಸ್ತಿ ನಮ್ಮ ಪಾಲಿಗೆ ಬಂದಿತ್ತು. ಒಳಗೆ ಮಣ್ಣು ಉದುರುತ್ತದೆ ಎಂದು ಊರವರು ದೂರು ಕೊಟ್ಟಿದ್ದರು. ಸಾಹೇಬರು ಒಮ್ಮೆ ಜೀಪಿನಲ್ಲಿ ಹೋಗಿ, ಗೌಡರ ಮನೆಯಲ್ಲಿ ಚಹಾ ಕುಡಿದು, ಗುಡಿಯ ಬಾಗಿಲಲ್ಲಿ ನಿಂತು ಇಣುಕಿ ನೋಡಿ ಬಂದಿದ್ದರು. ನವರಂಗದ ನಡುವೆ ನಾಲ್ಕು ಕಾಂಕ್ರೀಟ್ ಕಂಬ, ಛಾವಣಿಯ ಮೇಲೆ ಉದ್ದಗಲಕ್ಕೂ ಕಾಂಕ್ರೀಟ್ ಹಾಸು, ಇದು ಅವರ ಯೋಜನೆ. ಮಂಜೂರಾತಿಯೂ ಆಗಿತ್ತು. ಕಂಬದ ಜಾಗ ಗುರುತು ಹಾಕಿ ಬಾ ಎಂದು ನನ್ನನ್ನು ಅಟ್ಟಿದರು.

ನಾನು ಸವಣೂರಿನ ವೈಷ್ಣವರ ಮನೆಯವನು, ಆದರೆ ಅಜ್ಜಿಯ ಊರು ಹಾನಗಲ್ಲು. ಸೂಟಿಯಲ್ಲಿ ಅಲ್ಲಿಗೆ ಹೋದಾಗ ತಾರಕೇಶ್ವರನ ಗುಡಿಯ ನೆಲದ ಮೇಲೆ ಅಂಗಾತ ಮಲಗಿ ಮೇಲಿನ ಕಲ್ಲಿನ ಕಮಲ ನೋಡುವುದು ನನ್ನ ಹುಚ್ಚು. ಅಷ್ಟು ಭಾರದ ಹೂವು ಕೆಳಗೆ ಬೀಳದೆ ಹೇಗೆ ತೂಗುತ್ತದೆ ಎಂಬ ಪ್ರಶ್ನೆಯೇ ನನ್ನನ್ನು ಈ ಕೆಲಸಕ್ಕೆ ಎಳೆದದ್ದು. ಉತ್ತರ ಸರಳ. ಕಲ್ಲಿನ ಬಳೆಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ, ಮೇಲಿನದು ಕೆಳಗಿನದಕ್ಕಿಂತ ಸ್ವಲ್ಪ ಒಳಗೆ ಚಾಚಿರುತ್ತದೆ, ಕೊನೆಗೆ ಉಳಿದ ಕಿಂಡಿಗೆ ಒಂದು ಕಲ್ಲು ಮುಚ್ಚುತ್ತಾರೆ. ನಡುವೆ ಸುಣ್ಣವಿಲ್ಲ, ಗಾರೆಯಿಲ್ಲ. ಎಲ್ಲ ಭಾರವೂ ನಾಲ್ಕು ತೊಲೆಗಳಿಗೆ, ತೊಲೆಗಳಿಂದ ಕಡೆದ ಕಂಬಗಳಿಗೆ ಇಳಿಯುತ್ತದೆ. ಈ ಹಳ್ಳಿಯ ಗುಡಿಯಲ್ಲೂ ಅಂಥದೇ ಒಂದು ಕಮಲವಿತ್ತು, ಗಾತ್ರದಲ್ಲಿ ಚಿಕ್ಕದು, ಕುಸುರಿಯಲ್ಲಿ ಏನೇನೂ ಕಡಿಮೆಯಿಲ್ಲ.

ಟಾರ್ಚು ಹಾಕಿದೆ. ಪೂರ್ವದ ತೊಲೆಯ ಕೆಳಮೈಯಲ್ಲಿ, ನಟ್ಟನಡುವೆ, ಕೂದಲೆಳೆಯಂಥ ಸೀಳು. ಅದು ಪಕ್ಕಕ್ಕೆ ಏರಿ ತೊಲೆಯ ಅರ್ಧದವರೆಗೆ ಹೋಗಿತ್ತು. ಕಲ್ಲನ್ನು ಎಷ್ಟು ಒತ್ತಿದರೂ ತಡೆದುಕೊಳ್ಳುತ್ತದೆ, ಬಗ್ಗಿಸಿದರೆ ಒಡೆಯುತ್ತದೆ. ಏನೋ ಒಂದು ಈ ತೊಲೆಯನ್ನು ಮೇಲಿನಿಂದ ಬಗ್ಗಿಸುತ್ತಿತ್ತು. ಅದೇ ತೊಲೆಯ ಕೆಳಗೆ ಚಾಪೆ ಸುರುಳಿ ಸುತ್ತಿಟ್ಟಿದ್ದರು. ಪ್ರತಿ ಸೋಮವಾರ ಊರಿನ ಹೆಂಗಸರು ಅಲ್ಲಿ ಕುಳಿತು ಭಜನೆ ಮಾಡುತ್ತಾರೆಂದು ತಿಳಿಯಿತು.

ನಿಚ್ಚಣಿಕೆ ಇಟ್ಟು ಮೇಲೆ ಹತ್ತಿದೆ. ಅದು ಛಾವಣಿಯಲ್ಲ, ಹೊಲ. ಹುಲ್ಲು, ತುಂಬೆ, ಒಂದು ಮೂಲೆಯಲ್ಲಿ ಎಳೆಯ ಬೇವಿನ ಗಿಡ. ಸಲಿಕೆ ತರಿಸಿ ಒಂದು ಕುಣಿ ತೋಡಿಸಿದೆ. ಕಲ್ಲು ಸಿಗುವ ಹೊತ್ತಿಗೆ ಕುಣಿಯಲ್ಲಿ ನಿಂತ ನನ್ನ ಎದೆಮಟ್ಟ ಮಣ್ಣಿತ್ತು. ಕುಣಿಯ ಗೋಡೆಯಲ್ಲಿ ಪದರುಪದರು ಎದ್ದು ಕಾಣುತ್ತಿತ್ತು, ಚಪಾತಿಯ ಪದರಿನ ಹಾಗೆ. ಒಂದೊಂದು ಪದರು ಒಂದೊಂದು ವರ್ಷದ್ದು.

ಆ ಕಡೆಯ ಮನೆಗಳೆಲ್ಲ ಮಣ್ಣಿನ ಮಾಳಿಗೆಯವು, ಮಟ್ಟಸವಾದ ಛಾವಣಿಯ ಮೇಲೆ ಮಣ್ಣಿನ ಹಾಸು. ಮಳೆಗಾಲ ಶುರುಮಾಡುವ ಮಿರಗದ, ಅಂದರೆ ಮೃಗಶಿರದ, ಮಳೆಗೆ ಮುಂಚೆ ಹಳ್ಳದ ದಂಡೆಯಿಂದ ಸವಳು ಮಣ್ಣು ತಂದು ಮಾಳಿಗೆಗೆ ಹಾಸಿ ತುಳಿಯುತ್ತಾರೆ. ಆ ಮಣ್ಣು ನೀರನ್ನು ಒಳಗೆ ಬಿಡುವುದಿಲ್ಲ. ತಮ್ಮ ಮನೆಗೆ ಹಾಕುವ ಮೊದಲು ದೇವರ ಮನೆಗೆ ಹಾಕುವುದು ಈ ಊರಿನ ರೂಢಿ. ಮನೆಗೊಂದು ಬುಟ್ಟಿ, ಮೊದಲ ಬುಟ್ಟಿಯ ಮಾನ ಗೌಡರ ಮನೆಗೆ. ಮನೆಯ ಮಾಳಿಗೆ ಭಾರವಾದರೆ ಹಳೆಯ ಮಣ್ಣನ್ನು ಕೆರೆದು ಇಳಿಸಿಬಿಡುತ್ತಾರೆ. ದೇವರಿಗೆ ಕೊಟ್ಟದ್ದನ್ನು ಇಳಿಸುವ ಧೈರ್ಯ ಯಾರಿಗಿದೆ? ಹಾಗಾಗಿ ತಲೆಮಾರುಗಟ್ಟಲೆ ಹಾಕಿದ್ದಷ್ಟೇ, ತೆಗೆದದ್ದಿಲ್ಲ. ಕಲ್ಲಿನ ಛಾವಣಿಗೆ ಮೊದಲು ಆ ಮಣ್ಣೇ ಬೇಕಾಗಿರಲಿಲ್ಲ. ಇವರು ಭಕ್ತಿಯಿಂದಲೇ ಗುಡಿಯನ್ನು ಮುರಿಯುತ್ತಿದ್ದರು. ಅದರ ಮೇಲೆ ನಮ್ಮ ಸಾಹೇಬರು ಕಾಂಕ್ರೀಟು ಹೇರಲು ಹೊರಟಿದ್ದರು. ಗೌಡರು ಮಜ್ಜಿಗೆ ತರಿಸಿದ್ದರು, ಕುಡಿಯದೆ ಸ್ಟೇಶನ್ನಿನ ಕಡೆ ಹೊರಟುಬಿಟ್ಟೆ.

ಮರುದಿನ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಮಣ್ಣು ಇಳಿಸಿದರೆ ತೊಲೆ ಉಳಿಯುತ್ತದೆ. ಹಳೆಯ ಕಂಬಗಳಿಗೆ ಆಳದ ಪಾಯವಿಲ್ಲ, ಹಾಸುಗಲ್ಲಿನ ಮೇಲೆ ನಿಂತಿವೆ, ಪಕ್ಕದಲ್ಲಿ ಹೊಸ ಕಂಬಕ್ಕೆ ಗುಂಡಿ ತೋಡಿದರೆ ಅವೇ ಕದಲುತ್ತವೆ. ಸಾಹೇಬರು ಕೇಳಿಸಿಕೊಂಡರೋ ಇಲ್ಲವೋ, ಕುರ್ಚಿ ತಿರುಗಿಸಿ ಕ್ಯಾಲೆಂಡರ್ ತೋರಿಸಿದರು. ಆ ತಿಂಗಳ ಚಿತ್ರ ರೋಮಿನ ಪ್ಯಾಂಥಿಯಾನ್, ಮಹಾ ಗುಮ್ಮಟ. ಇಷ್ಟು ಹಳೆಯದು ಇವತ್ತಿಗೂ ನಿಂತಿದೆ, ಯಾಕೆಂದರೆ ಅದು ಕಾಂಕ್ರೀಟು ಎಂದರು.

ಆ ಗುಮ್ಮಟದ ವಿಷಯ ನನಗೂ ಗೊತ್ತಿತ್ತು. ಅದನ್ನು ಕಟ್ಟಿದವರು ಬುಡದಲ್ಲಿ ಭಾರದ ಜಲ್ಲಿ ಹಾಕಿದರು, ಮೇಲೇರಿದಂತೆ ಹಗುರಾದದ್ದನ್ನು ಹಾಕಿದರು, ತುದಿಯ ಹತ್ತಿರ ನೀರಿನಲ್ಲಿ ತೇಲುವಂಥ ಕಲ್ಲಿನ ಚೂರು. ದಪ್ಪವನ್ನೂ ಇಳಿಸುತ್ತ ಹೋದರು. ನೆತ್ತಿಯಲ್ಲಿ ಏನೂ ಇಲ್ಲ, ಆಕಾಶ ಕಾಣುವ ಬಯಲು ಕಿಂಡಿ.

"ಅಂವ ಮ್ಯಾಲ ಹೋದಂಗೆಲ್ಲಾ ಹಗುರ ಮಾಡ್ಯಾನ್ರಿ ಸಾಹೇಬ್ರ" ಎಂದೆ. "ನಾವು ಮ್ಯಾಲ ಮ್ಯಾಲ ಹೇರಾಕ ಹೊಂಟೇವಿ."

ಸಾಹೇಬರು ಮೈಸೂರು ಕಡೆಯವರು. ಕನ್ನಡಕ ತೆಗೆದು ಒರೆಸಿಕೊಂಡರು. "ರೋಮು ನಿಮ್ಮ ಸೆಕ್ಷನ್ನಿಗೆ ಬರಲ್ಲ ಕಣ್ರೀ. ಹೋಗಿ ಗುಂಡಿ ತೋಡಿಸಿ."

ಮಂಜೂರಾದ ಯೋಜನೆ ಬದಲಿಸಿದರೆ ಎಲ್ಲ ಮೊದಲಿನಿಂದ ಆಗಬೇಕು, ಮೇಲಿನವರು ಕೇಳುತ್ತಾರೆ, ತಾವು ಉತ್ತರ ಕೊಡಬೇಕು. ಅವರಿಗಿದ್ದ ಭಯ ಅದೊಂದೇ. ಗುಡಿ ಬಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ, ಹಳೆಯದಾಗಿತ್ತು ಬಿತ್ತು ಅನ್ನುತ್ತಿದ್ದರು. ಜಗಳವಾಡಿ ನಾನು ಗಿಟ್ಟಿಸಿದ್ದು ಇಷ್ಟೇ: ಕಬ್ಬಿಣ, ಸಿಮೆಂಟು ಬರುವ ತನಕ ತೊಲೆಯ ಕೆಳಗೆ ಮರದ ಟೇಕು, ಅಂದರೆ ಆಸರೆಯ ಊರುಗೋಲು, ಕೊಡಬಹುದು. ಅದಕ್ಕೆ ಗುತ್ತಿಗೆದಾರರ ಕಡೆಯ, ತಡಸ ಊರಿನ ಗೌಂಡಿಯೊಬ್ಬರು, ಗಾರೆ ಕೆಲಸದ ಮೇಸ್ತ್ರಿ, ಆಳುಗಳೊಂದಿಗೆ ಬಂದರು.

ಮೊದಲು ಸೀಳಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಗಚ್ಚು ಮೆತ್ತಿಸಿದೆ. ಸೀಳು ಎಳೆಯಷ್ಟು ಅಗಲವಾದರೂ ಗಾಜು ಒಡೆಯುತ್ತದೆ, ಕಣ್ಣಿಗೆ ಕಾಣದ ಚಲನೆ ಹಾಗೆ ಗೊತ್ತಾಗುತ್ತದೆ. ಆಮೇಲೆ ಜಾಲಿಯ ದಿಮ್ಮಿಗಳನ್ನು ತೊಲೆಯ ಕೆಳಗೆ ನಿಲ್ಲಿಸಿ ಬುಡಕ್ಕೆ ಬೆಣೆ ಬಡಿದೆವು. ಬೆಳಗಾಗುವುದರಲ್ಲಿ ಬೆಣೆ ಸಡಿಲಾಗಿತ್ತು. ದಿಮ್ಮಿಯ ಕೆಳಗಿನ ಹಾಸುಗಲ್ಲು ಕುಸಿದಿತ್ತು, ಅದರಡಿ ಬರೀ ಪೊಳ್ಳು ಮಣ್ಣು. ಮತ್ತೆ ಬಡಿದೆವು, ಮತ್ತೆ ಕುಸಿಯಿತು. ಭಾರವನ್ನು ಒಂದು ಮೊನೆಯ ಮೇಲೆ ಇಳಿಸುವ ಯಾವ ಟೇಕೂ ಆ ನೆಲದಲ್ಲಿ ನಿಲ್ಲುವಂತಿರಲಿಲ್ಲ.

ಮಣ್ಣಿನ ಸೇವೆಯ ದಿನ ಹತ್ತಿರ ಬರುತ್ತಿತ್ತು. ಗುಡಿಯ ಕಟ್ಟೆಯ ಮೇಲೆ ಊರವರನ್ನು ಸೇರಿಸಲು ಗೌಡರನ್ನು ಕೇಳಿಕೊಂಡೆ. ಈ ವರ್ಷ ಬುಟ್ಟಿ ಹಾಕಬೇಡಿ, ಹಾಕಿದ್ದನ್ನೂ ಇಳಿಸಿ ಎಂದೆ. ಸಭೆಯಲ್ಲಿ ನಗು ಶುರುವಾಯಿತು. ಆಚಾರ್ರ ಮನೆಯವನು ನಮ್ಮ ಶಿವನ ಮೇಲಿನ ಮಣ್ಣು ತೆಗೆಯಲು ಬಂದಿದ್ದಾನೆ, ಮೊದಲು ತಮ್ಮ ಮಠದ್ದು ತೆಗೆಯಲಿ ಎಂದು ಹಿಂದಿನಿಂದ ಯಾರೋ ಅಂದರು.

ಗೌಡರು ನಗಲಿಲ್ಲ. "ಅದು ಮಣ್ಣಲ್ಲರಿ, ಸೇವಾ. ನಮ್ಮ ಹಿರ್ಯಾರು ಕೊಟ್ಟಿದ್ದನ್ನ ನಾವು ಇಳಸೂದು ಹೆಂಗ?"

ನನ್ನ ತಲೆ ಸಿಡಿಯಿತು. "ನಿಮ್ಮ ಮನಿ ಮಾಳಗಿ ಭಾರ ಆದ್ರ ಕೆರದು ಇಳಸ್ತೀರಿ. ದೇವ್ರ ಮನಿ ಮಾಳಗಿ ಮಾತ್ರ ಮುರಕೊಂಡು ಬೀಳ್ಲಿ ಅಂತೀರೇನು?"

ಗೌಡರು ಹೆಗಲಿನ ವಲ್ಲಿ ಕೊಡವಿಕೊಂಡು ಎದ್ದರು. ಅವರ ಹಿಂದೆ ಸಭೆಯೂ ಎದ್ದಿತು. ಕಟ್ಟೆಯ ಮೇಲೆ ನಾನು ಮತ್ತು ಗೌಂಡಿ ಇಬ್ಬರೇ ಉಳಿದೆವು. ಒಬ್ಬ ಅಧಿಕಾರಿ ಕ್ಯಾಲೆಂಡರಿಗೆ ಜೋತುಬಿದ್ದಿದ್ದ, ಒಂದು ಊರು ಬುಟ್ಟಿಗೆ ಜೋತುಬಿದ್ದಿತ್ತು. ಇವರ ನಡುವೆ ನನಗೇನು ಬಂದಿದೆ, ಬೀಳಲಿ ಬಿಡು ಎನ್ನಿಸುವಷ್ಟು ರೋಸಿಹೋಗಿದ್ದೆ.

ಎರಡು ದಿನ ಕಳೆದು ಒಂದು ಸಂಜೆ, ಮಳೆಗಾಲಕ್ಕೆ ಮುಂಚಿನ ಅಡ್ಡಮಳೆ ಹೊಡೆಯಿತು. ಒಂದೇ ತಾಸು, ಆದರೆ ಜೋರು. ನಾನು ತೋಡಿಸಿದ್ದ ಕುಣಿಗೆ ತಗಡು ಮುಚ್ಚಿಸಿದ್ದೆ, ಗಾಳಿಗೆ ಅದು ಹಾರಿಹೋಗಿ ಕುಣಿಯೊಳಗಿಂದ ನೀರು ಮಣ್ಣಿನ ಪದರುಗಳಿಗೆ ಇಳಿದಿತ್ತು. ನೀರು ಕುಡಿದ ಮಣ್ಣು ಎಷ್ಟು ತೂಗುತ್ತದೆಂದು ಹೊಲದಲ್ಲಿ ಸಲಿಕೆ ಹಿಡಿದ ಯಾರಿಗಾದರೂ ಗೊತ್ತು. ಬೆಳಿಗ್ಗೆ ಹೋಗಿ ಟಾರ್ಚು ಹಾಕಿದೆ. ಗಾಜಿನ ಪಟ್ಟಿ ನಡುವೆ ಒಡೆದಿತ್ತು.

ನೇರ ಗೌಡರ ಮನೆಗೆ ನಡೆದೆ. ಏನೂ ವಿವರಿಸದೆ, ಬಂದು ನೋಡಿ ಎಂದಷ್ಟೇ ಅಂದೆ. ನನ್ನ ಮುಖ ನೋಡಿ ಅವರು ವಲ್ಲಿ ಹೆಗಲಿಗೇರಿಸಿ ಹೊರಟರು. ಅವರ ತಾಯಿ ಪೂಜೆಗೆಂದು ಜೊತೆಗೆ ಬಂದರು. ಗೌಡರನ್ನು ನಿಚ್ಚಣಿಕೆ ಹತ್ತಿಸಿ ಟಾರ್ಚು ಕೊಟ್ಟೆ. ಅವರು ಬೆರಳು ಮುಟ್ಟಿಸುತ್ತಲೇ ಗಾಜಿನ ಒಂದು ತುಣುಕು ಕಳಚಿ ಕೆಳಗೆ, ಸುರುಳಿ ಸುತ್ತಿದ ಚಾಪೆಯ ಪಕ್ಕ ಬಿತ್ತು. ನಿನ್ನೆಯ ಮಳೆಗೆ ಒಡೆದದ್ದು, ಮಿರಗದ ಮಳೆ ಹಿಡಿದರೆ ಒಡೆಯುವುದು ಗಾಜಲ್ಲ ಎಂದೆ.

ಗೌಡರ ತಾಯಿ ತಲೆ ಎತ್ತಿ ತೊಲೆ ನೋಡಿದರು, ಆಮೇಲೆ ಚಾಪೆ ನೋಡಿದರು. "ಸೋಮಾರ ನಾವು ಕುಂಡ್ರೂ ಜಾಗಾ ಇದ ಅಲ್ಲೇನಪಾ?"

"ಹೌದ್ರಿ ಅವ್ವಾರ. ಇದ ಜಾಗಾ."

ಗೌಡರು ನಿಚ್ಚಣಿಕೆ ಇಳಿದು ಬಂದು ಗಾಜಿನ ಚೂರು ಎತ್ತಿಕೊಂಡರು. ಮೆಲ್ಲಗೆ ಕೇಳಿದರು. "ಇಳಸೂದಾದ್ರ, ಮೊದಲನೇ ಬುಟ್ಟಿ ಯಾರದು?"

ತೊಲೆ ಸೀಳುತ್ತಿದೆ, ಇವರಿಗೆ ಮಾನದ ಚಿಂತೆ ಎಂದು ಕಿರುಚಬೇಕೆನ್ನಿಸಿತು. ಆದರೆ ಅಡ್ಡ ಬಂದಿದ್ದ ಕೀಲು ಅದೊಂದೇ ಎಂದು ಅಷ್ಟರಲ್ಲಿ ಹೊಳೆಯಿತು. ಏರಿಸುವುದಕ್ಕೆ ಇದ್ದ ಮಾನ ಇಳಿಸುವುದಕ್ಕೆ ಇರಲಿಲ್ಲ, ಅದಕ್ಕೇ ಯಾರೂ ಇಳಿಸಿರಲಿಲ್ಲ.

"ಏರಿಸಿದವರದ ಮಾನ" ಎಂದೆ. "ಇಳಸೂದೂ ನಿಮ್ಮ ಮನೀದ ಮೊದಲು."

ಅವರ ತಾಯಿಗೆ ಇನ್ನೊಂದು ಕಳವಳವಿತ್ತು. ದೇವರ ನೆತ್ತಿಯ ಮಣ್ಣನ್ನು ಕಾಲಿನಡಿ ಚೆಲ್ಲುವುದು ಹೇಗೆ? ಅದಕ್ಕೆ ಉತ್ತರ ನನ್ನ ಬಳಿ ಇತ್ತು. ಹಿಂದೆ ದೊಡ್ಡ ಗುಡಿಗಳನ್ನು ಕಟ್ಟುವಾಗ ಒಳಗೆಲ್ಲ ಮಣ್ಣು ತುಂಬುತ್ತ ಹೋಗಿ, ಆ ಮಣ್ಣಿನ ಮೇಲೆ ಕಲ್ಲು ಉರುಳಿಸಿ ಏರಿಸಿದರು, ಮುಗಿದ ಮೇಲೆ ಮಣ್ಣು ತೆಗೆದರು ಎಂಬ ಮಾತು ಕೇಳಿದ್ದೆ. ನಿಜವೋ ಕಥೆಯೋ ಗೊತ್ತಿಲ್ಲ. ಆದರೆ ಮರದ ದಿಮ್ಮಿ ಸೋತ ನೆಲದಲ್ಲಿ ಅದು ಲೆಕ್ಕಕ್ಕೆ ಕೂರುತ್ತಿತ್ತು. ಮೇಲಿನ ಮಣ್ಣನ್ನು ಚೀಲಕ್ಕೆ ತುಂಬಿ, ಒಳಗೆ ತಂದು, ನೆಲದಿಂದ ತೊಲೆಯ ತನಕ ಅಗಲವಾಗಿ ಪೇರಿಸುವುದು. ಭಾರ ಇಡೀ ನೆಲಕ್ಕೆ ಹಂಚಿಹೋಗುತ್ತದೆ, ಯಾವ ಹಾಸುಗಲ್ಲೂ ಒಂಟಿಯಾಗಿ ಕುಸಿಯುವುದಿಲ್ಲ. ದೇವರ ಮಣ್ಣು ದೇವರ ಮನೆಯಲ್ಲೇ ಇರುತ್ತದೆ ಎಂದೆ. ಆ ಅವ್ವ ಒಪ್ಪಿದರು.

ಅಕ್ಕಿಆಲೂರಿನ ಅಕ್ಕಿ ಗಿರಣಿಯೊಂದರಿಂದ ಹಳೆಯ ಗೋಣಿಚೀಲಗಳನ್ನು ಗೌಡರು ತರಿಸಿದರು. ಮೇಲೆ ಗೋಡೆ ಮತ್ತು ಕಂಬಗಳ ನೇರಕ್ಕೆ ಮಾತ್ರ ಹಲಗೆ ಹಾಸಿ, ಹಲಗೆ ಬಿಟ್ಟು ಯಾರೂ ಕಾಲಿಡಕೂಡದೆಂದು ಕಟ್ಟಪ್ಪಣೆ ಮಾಡಿದೆ. ಮೊದಲ ಬುಟ್ಟಿಯನ್ನು ಗೌಡರ ತಾಯಿ ಕುಂಕುಮ ಹಚ್ಚಿ ತಲೆಯ ಮೇಲೆ ಹೊತ್ತು ಇಳಿಸಿದರು. ಅವರು ನಿಚ್ಚಣಿಕೆಯ ಕೊನೆಯ ಮೆಟ್ಟಿಲು ಇಳಿಯುವ ತನಕ ಊರೇ ಉಸಿರು ಹಿಡಿದು ನಿಂತಿತ್ತು. ಆಮೇಲೆ ಮನೆಮನೆಯವರೂ ಬಂದರು. ಮೊದಲು ಗೋಡೆಯಂಚಿನಿಂದ ತೆಗೆದು ಚೀಲ ಪೇರಿಸಿದೆವು, ತೊಲೆಗೆ ಆಸರೆ ಸಿಕ್ಕ ಮೇಲಷ್ಟೇ ನಡುವಿನ ಮಣ್ಣಿಗೆ ಕೈ ಹಾಕಿದೆವು. ಒಂದೇ ಪಕ್ಕದಿಂದ ತೆಗೆದರೆ ಕಮಲ ಓರೆಯಾಗಿ ಜಗ್ಗುತ್ತದೆ, ಹಾಗಾಗಿ ನಾಲ್ಕು ದಿಕ್ಕಿನಿಂದಲೂ ತೆಳ್ಳಗೆ ಕೆರೆಯಬೇಕು. ಹುರುಪಿನಲ್ಲಿ ಒಬ್ಬ ಗುದ್ದಲಿ ಎತ್ತಿದ, ನಾನು ಅದನ್ನು ಕಿತ್ತು ಕೆಳಗೆ ಎಸೆದೆ. ಬೈದೆ, ಎಲ್ಲರನ್ನೂ ಬೈದೆ. ಗೌಂಡಿ ಮಾತ್ರ ನನ್ನ ಬೈಗುಳಕ್ಕೆ ನಗುತ್ತಿದ್ದರು. ಕಲ್ಲು ಕಂಡ ಮೇಲೆ ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ನೀರು ಹರಿದುಹೋಗುವಂತೆ ಇಳಿಜಾರಾಗಿ ತೆಳುವಾಗಿ ಸವರಿದೆವು. ಸೀಳಿಗೆ ಹೊಸ ಗಾಜಿನ ಪಟ್ಟಿ ಹಾಕಿದೆ.

ಕೆಲಸ ಮುಗಿಯುವ ಹೊತ್ತಿಗೆ ಸರಿಯಾಗಿ ಸಾಹೇಬರ ಜೀಪು ಬಂತು, ಹಿಂದೆ ಸಿಮೆಂಟು, ಕಬ್ಬಿಣದ ಲಾರಿ. ಅವರು ಬಾಗಿಲಲ್ಲಿ ನಿಂತು ಚೀಲಗಳನ್ನು ನೋಡಿದರು.

"ಏನ್ರೀ ಇದು, ಗುಡೀನೋ ಗೋಡೌನೋ?"

ಒಳಗೆ ಬಂದು ತೊಲೆ ನೋಡಿ ಎಂದೆ. ಬರಲಿಲ್ಲ. ಇವತ್ತೇ ಚೀಲ ತೆಗೆಸಿ ಗುಂಡಿ ಶುರುಮಾಡಿ, ಇಲ್ಲವಾದರೆ ಸಸ್ಪೆಂಡ್ ಎಂದರು. ನನಗೆ ಹಿಂದುಮುಂದು ಕಾಣಲಿಲ್ಲ. ಈ ಕಂಬಗಳ ಬುಡದಲ್ಲಿ ಒಂದು ಸಲಿಕೆ ಬಿದ್ದರೂ ನಾನು ಇಲ್ಲೇ ಅಡ್ಡ ಮಲಗುತ್ತೇನೆ ಎಂದು ಊರೆಲ್ಲ ಕೇಳುವಂತೆ ಹೇಳಿದೆ. ಗೌಡರು ನಡುವೆ ಬಂದರು.

"ಮಳಿಗಾಲ ದಾಟ್ಲಿ ಸಾಹೇಬ್ರ" ಎಂದರು ತಣ್ಣಗೆ. "ಆಮ್ಯಾಲ ನಿಮ್ಮ ಕಂಬ ನೀವು ಹಾಕ್ಕೋರಿ."

ಸಾಹೇಬರು ತಲೆಯಾಡಿಸಿ ಜೀಪು ಹತ್ತಿದರು. ನನಗೆ ಗ್ರಹಣ ಹಿಡಿದಂತಾಯಿತು. ಇಷ್ಟೆಲ್ಲ ಮಾಡಿ, ಕೊನೆಗೆ ಗೌಡರು ಒಂದೇ ಮಾತಿನಲ್ಲಿ ಗುಡಿಯನ್ನು ಒಪ್ಪಿಸಿಬಿಟ್ಟರಲ್ಲ ಎಂದು ಅವರೊಡನೆ ಮಾತು ಬಿಟ್ಟೆ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಗಾಜು ಒಡೆಯಲಿಲ್ಲ. ಒಂದು ಹನಿ ಒಳಗೆ ಬೀಳಲಿಲ್ಲ. ಮಳೆ ನಿಂತ ಮೇಲೆ ಚೀಲಗಳನ್ನು ಮೇಲಿನಿಂದ ಒಂದೊಂದಾಗಿ ಇಳಿಸಿದೆವು, ಆಗಲೂ ಗಾಜು ಹಾಗೇ ಇತ್ತು. ಊರವರು ಚೀಲದ ಮಣ್ಣನ್ನು ಹಂಚಿಕೊಂಡು ತಮ್ಮ ಮಾಳಿಗೆಗಳಿಗೆ ಹಾಕಿಕೊಂಡರು. ಅದನ್ನು ನೋಡುವಷ್ಟರಲ್ಲಿ ನನ್ನ ಕೈಗೆ ವರ್ಗದ ಆದೇಶ ಬಂತು, ಹಿರೇಕೆರೂರು ತಾಲೂಕಿನ ರಸ್ತೆ ಕೆಲಸಕ್ಕೆ. ಅಲ್ಲಿ ಜಲ್ಲಿ ಎಣಿಸುತ್ತ ಇರುವಾಗ ಸುದ್ದಿ ತಲುಪಿತು: ಗುಡಿಯಲ್ಲಿ ನಾಲ್ಕು ಕಾಂಕ್ರೀಟ್ ಕಂಬ ಎದ್ದಿವೆ. ಆ ದಿನ ನಾನು ಊಟ ಮಾಡಲಿಲ್ಲ. ಇನ್ನು ಆ ಊರಿನ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ, ವರ್ಷಗಟ್ಟಲೆ ಹಾಕಲೂ ಇಲ್ಲ.

ಎಂಬತ್ತರ ದಶಕದ ನಡುವೆ ಸವಣೂರಿನಲ್ಲಿ ಒಂದು ಮದುವೆಗೆ ಹೋದವನನ್ನು ಕಾಲು ತಾನಾಗಿ ಅಲ್ಲಿಗೆ ಎಳೆಯಿತು. ಒಳಗೆ ಹೋದರೆ ಕಡೆದ ಕಂಬಗಳ ನಡುವೆ ಆ ನಾಲ್ಕು ಬೂದು ದಿಂಡುಗಳು. ಯಾವುದೋ ಶಾಲೆಯ ಮಾಸ್ತರರು ಮಕ್ಕಳನ್ನು ಕರೆತಂದಿದ್ದರು. ಈ ಕಾಂಕ್ರೀಟ್ ಕಂಬಗಳೇ ಇಡೀ ಗುಡಿಯನ್ನು ಹೊತ್ತಿವೆ, ಇಲ್ಲವಾದರೆ ಎಂದೋ ಬೀಳುತ್ತಿತ್ತು ಎಂದು ಹೇಳುತ್ತಿದ್ದರು. ಮಕ್ಕಳು ಕಂಬಗಳನ್ನು ತಟ್ಟಿ ನೋಡುತ್ತಿದ್ದರು.

ಗೌಡರು ಕಟ್ಟೆಯ ಮೇಲೆ ಕುಳಿತಿದ್ದರು, ಮುದುಕರಾಗಿದ್ದರು. ಅವರ ತಾಯಿ ತೀರಿಕೊಂಡಿದ್ದರು. ಅದಕ್ಕೊಂದು ಸಂತಾಪದ ಮಾತೂ ಆಡದೆ ನಾನು ಅಷ್ಟು ವರ್ಷದ ಸಿಟ್ಟನ್ನು ಅವರ ಮೇಲೆ ಸುರಿದೆ. ಅವರು ಪೂರ್ತಿ ಕೇಳಿದರು. ಮಕ್ಕಳೆಲ್ಲ ಹೋಗುವ ತನಕ ಕಾದು ನಿಚ್ಚಣಿಕೆ ತರಿಸಿದರು.

"ಏರ್ರಿ. ಕಂಬದ ತುದೀಗೆ ಕೈ ಹಾಕ್ರಿ."

ಏರಿದೆ. ಕಂಬದ ತುದಿಗೂ ತೊಲೆಗೂ ನಡುವೆ ನನ್ನ ಅಂಗೈ ಸಲೀಸಾಗಿ ಹೋಯಿತು. ಕೆಳಗಿನಿಂದ ನೋಡಿದರೆ ಕಾಣದ ಹಾಗೆ ಮೂರು ಬದಿಗೆ ಗಿಲಾಯಿಯ, ಅಂದರೆ ಗಾರೆಯ, ತೆಳುವಾದ ಅಂಚು, ಹಿಂಬದಿಯಲ್ಲಿ ಬಯಲು. ಇನ್ನೊಂದು ಕಂಬವೂ ಹಾಗೇ. ನಾಲ್ಕೂ ಹಾಗೇ.

"ಪಾಯಾ ತಗದಿಲ್ಲ. ನಿಮ್ಮ ತಡಸದ ಗೌಂಡಿ ಹಾಸುಗಲ್ಲಿನ ಮ್ಯಾಲ ನಿಂದ್ರಸ್ಯಾನ, ತೊಲಿಗೆ ಮುಟ್ಟಿಸಿಲ್ಲ" ಎಂದರು ಗೌಡರು. "ಮ್ಯಾಲಿನ ಕಾಂಕ್ರೀಟ್ ಹಾಕಗೊಡಲಿಲ್ಲ. ನಮ್ಮ ಬುಟ್ಟೀನ ಏರೂದಿಲ್ಲ, ನಿಮ್ದು ಹೆಂಗ ಏರತೈತಿ ಅಂದ್ವಿ."

ಸಾಹೇಬರು ಬಂದು ನೋಡಲಿಲ್ಲವೇ ಎಂದು ಕೇಳಿದೆ.

"ಬಾಗಲದಾಗ ನಿಂತು ನೋಡಿದ್ರು. ಛಲೋ ಆಗೇತಿ ಅಂದು ಹೋದ್ರು."

ನನ್ನ ಗಾಜಿನ ಪಟ್ಟಿ ತೊಲೆಯ ಕೆಳಗೆ ಧೂಳು ಹಿಡಿದು ಕುಳಿತಿತ್ತು, ಇಡಿಯಾಗಿ. ನಿಚ್ಚಣಿಕೆಯ ಮೇಲೇ ನಿಂತು ಅತ್ತುಬಿಟ್ಟೆ. ಗೌಡರು ಆ ಕಡೆ ಮುಖ ತಿರುಗಿಸಿಕೊಂಡರು.

ಊರಿನ ಹೆಸರು ಯಾಕೆ ಬರೆದಿಲ್ಲ ಎಂಬುದು ಈಗ ತಿಳಿದಿರಬೇಕು. ಓದಿದ ಯಾವನೋ ಕರ್ತವ್ಯನಿಷ್ಠ ಹೋಗಿ ಆ ಸಂದು ತುಂಬಿಸಿ, ತೊಲೆಯ ಭಾರವನ್ನು ಆ ಪೊಳ್ಳು ನೆಲದ ಮೇಲೆ ಇಳಿಸಿಬಿಟ್ಟಾನು. ಇವತ್ತಿಗೂ ವರ್ಷಕ್ಕೊಮ್ಮೆ, ಮಿರಗಕ್ಕೆ ಮುಂಚೆ, ಹೋಗುತ್ತೇನೆ. ಊರವರು ಛಾವಣಿಯ ಮೇಲೆ ಮೊಳೆತ ಹುಲ್ಲು, ಕಸ ಕಿತ್ತು ಇಳಿಸುತ್ತಾರೆ, ಮೊದಲ ಬುಟ್ಟಿ ಗೌಡರ ಮನೆಯದು. ನಾನು ನಿಚ್ಚಣಿಕೆ ಏರಿ ಸಂದಿನಲ್ಲಿ ಅಂಗೈ ತೂರಿಸಿ ನೋಡುತ್ತೇನೆ. ಬಿಗಿಯಾಗಿಲ್ಲ, ತೊಲೆ ಕೆಳಗಿಳಿದಿಲ್ಲ. ಸಮಾಧಾನದಿಂದ ಇಳಿದು ಬಂದು ಆ ನಾಲ್ಕು ಕಂಬಗಳನ್ನು ನೋಡುತ್ತೇನೆ, ಮತ್ತೆ ಮೈಯೆಲ್ಲ ಉರಿಯುತ್ತದೆ.